ಸಾವಿರದ ಹಳೆ ನೋಟು: ಸಹಿ ನೋಡಿ ಕೂಡಿಸಿದ ನನ್ನ ಅನುಭವ

ಹಳೆ ನೋಟು ಅಂದ ಕೂಡಲೇ ಎಲ್ಲರೂ ಕೇಳುವುದು ಹತ್ತು ಸಾವಿರದ್ದನ್ನು. ನಾನು ಹಿಂದೆ ಬಿದ್ದಿದ್ದು ಸಾವಿರದ್ದಕ್ಕೆ. 1954ರಲ್ಲಿ ಬಂದ ದೊಡ್ಡ ಅಳತೆಯ ನೋಟು ಅದು, ಹಿಂಬದಿಯಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯ ಇದೆ. ಅದರ ಜೊತೆಗೇ ಬಂದ ಐದು ಸಾವಿರದಲ್ಲಿ ಗೇಟ್‌ವೇ ಆಫ್ ಇಂಡಿಯಾ, ಹತ್ತು ಸಾವಿರದಲ್ಲಿ ಅಶೋಕನ ಸಿಂಹಗಳು. ಅವೆರಡೂ ನನ್ನ ಜೇಬಿಗೆ ನಿಲುಕುವುದಲ್ಲ.

ಇವು ಯಾಕಿಷ್ಟು ಅಪರೂಪ? ಕಡಿಮೆ ಅಚ್ಚಾಗಿದ್ದು ಒಂದು ಕಾರಣ. ಅಚ್ಚಾಗಿದ್ದರಲ್ಲೂ ಬಹುಪಾಲು ಬ್ಯಾಂಕಿಗೆ ವಾಪಸ್ ಹೋಯಿತು. ಇದಕ್ಕೂ ಮೊದಲು, 1938ರಲ್ಲಿ, ರಿಸರ್ವ್ ಬ್ಯಾಂಕ್ ಬ್ರಿಟಿಷ್ ದೊರೆ ಆರನೇ ಜಾರ್ಜ್ ಚಿತ್ರದ ಸಾವಿರ, ಹತ್ತು ಸಾವಿರದ ನೋಟು ತಂದಿತ್ತು. 1946ರ ಜನವರಿಯಲ್ಲಿ ಅವು ರದ್ದಾದವು. ಆಗ ಹೊರಗಿದ್ದದ್ದು ಸುಮಾರು 144 ಕೋಟಿ ರೂಪಾಯಿ ಮೌಲ್ಯದ ನೋಟು, ಅದರಲ್ಲಿ ಸುಮಾರು 135 ಕೋಟಿ ಹಿಂದಿರುಗಿತು. 1978ರ ಜನವರಿ 16ರಂದು ಮೊರಾರ್ಜಿ ದೇಸಾಯಿ ಸರ್ಕಾರ 1954ರಲ್ಲಿ ಬಂದಿದ್ದ ಸಾವಿರ, ಐದು ಸಾವಿರ, ಹತ್ತು ಸಾವಿರ ಮೂರನ್ನೂ ರದ್ದು ಮಾಡಿತು. ಬದಲಾಯಿಸಲು ಸಿಕ್ಕಿದ್ದು ಕೆಲವೇ ದಿನ. ಅಷ್ಟು ದೊಡ್ಡ ಮೊತ್ತವನ್ನು ಯಾರು ಸುಮ್ನೆ ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ, ಅಲ್ವಾ? ಹೇಗೋ ಉಳಿದುಕೊಂಡವು ಮಾತ್ರ ಇಂದು ನಮ್ಮ ಕೈಗೆ ಬರುತ್ತವೆ.

ನಾನು ಕೂಡಿಸುವುದು ನೋಟಿನ ಮೇಲಿರುವ ರಿಸರ್ವ್ ಬ್ಯಾಂಕ್ ಗವರ್ನರ್ ಸಹಿ ಪ್ರಕಾರ. ಮೊದಲು ಬೆನಗಲ್ ರಾಮರಾವ್. ಸಂವಿಧಾನ ರಚನೆಗೆ ಸಲಹೆಗಾರರಾಗಿದ್ದ ಬಿ.ಎನ್. ರಾವ್ ಅವರ ತಮ್ಮ, ಮಂಗಳೂರು ಕಡೆಯ ಮನೆತನ. ಅವರ ಸಹಿ ಇರುವ ನೋಟು ಸಿಕ್ಕಾಗ ಆದ ಸಂತೋಷ ಹೇಳತೀರದು. ಆದರೆ ನನಗೆ ಎಲ್ಲಕ್ಕಿಂತ ಅಚ್ಚುಮೆಚ್ಚು ಎನ್.ಸಿ. ಸೇನ್‌ಗುಪ್ತಾ ಸಹಿಯದ್ದು. 1975ರ ಮೇಯಿಂದ ಆಗಸ್ಟ್‌ವರೆಗೆ, ಬರೀ ಮೂರು ತಿಂಗಳು ಅವರು ಗವರ್ನರ್ ಆಗಿದ್ದರು. ಅವರ ಸಹಿ ಬಂದಿದ್ದು ಸಾವಿರದ ನೋಟಿನ ಮೇಲೆ ಮಾತ್ರ. ಹತ್ತು, ನೂರರ ನೋಟಿನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಹಾಗಾಗಿ ಎಲ್ಲ ಗವರ್ನರ್‌ಗಳ ಸಹಿ ಜೋಡಿಸುವವರಿಗೂ ಇದೇ ನೋಟು ಬೇಕು.

ಕೊಳ್ಳುವಾಗ ನಾನು ಮೊದಲು ಬೆಲೆ ಕೇಳುವುದೇ ಇಲ್ಲ, ಕಾಗದ ನೋಡುತ್ತೇನೆ. ಬೆಳಕಿಗೆ ಎತ್ತಿ ಹಿಡಿದರೆ ವಾಟರ್‌ಮಾರ್ಕ್ ಜೊತೆಗೆ ಪಿನ್ ತೂತುಗಳೂ ಕಾಣುತ್ತವೆ. ಆಗ ಕಟ್ಟುಗಳಿಗೆ ಪಿನ್ ಹೊಡೆಯುತ್ತಿದ್ದರು, ಆದ್ದರಿಂದ ಒಂದೆರಡು ತೂತಿಗೆ ನಾನು ತಕರಾರು ಮಾಡುವುದಿಲ್ಲ. ತೂತಿನ ಸುತ್ತ ತುಕ್ಕು ಹರಡಿದ್ದರೆ ಮಾತ್ರ ಬಿಡುತ್ತೇನೆ. ಆಮೇಲೆ ಮೇಜಿನ ಮೇಲಿಟ್ಟು ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯುತ್ತೇನೆ. ಇಸ್ತ್ರಿ ಮಾಡಿ ನೆಟ್ಟಗೆ ಮಾಡಿದ ನೋಟಿನಲ್ಲೂ ಹಳೆ ಮಡಿಕೆ ಆಗ ತೆಳು ಗೆರೆಯಾಗಿ ಎದ್ದು ಕಾಣುತ್ತದೆ. ತೊಳೆದ ನೋಟಾದರೆ ಕಾಗದದ ಗರಿಗರಿ ಹೋಗಿ ಮೆತ್ತಗಾಗಿರುತ್ತದೆ, ಬಣ್ಣವೂ ಮಂಕು. ಮಡಿಕೆಯಿಲ್ಲದ ನೋಟಿಗೂ ನಾಲ್ಕು ಮಡಿಕೆ ಬಿದ್ದದ್ದಕ್ಕೂ ಬೆಲೆಯಲ್ಲಿ ಅಜಗಜಾಂತರ. ತೊಳೆದದ್ದನ್ನು ಹೊಸದೆಂದು ಮಾರುವುದು ಶುದ್ಧ ಮೋಸ. ಜಾಸ್ತಿ ಬೆಲೆ ಕೊಡಬೇಕಾದ ನೋಟಾದರೆ, ನೋಟಿನ ಸ್ಥಿತಿ ಪರೀಕ್ಷಿಸುವ ಪಿಎಂಜಿ ಥರದ ಸಂಸ್ಥೆ 70 ಅಂಕದ ಅಳತೆಯಲ್ಲಿ ಗ್ರೇಡ್ ಕೊಟ್ಟು ಸೀಲ್ ಮಾಡಿದ್ದನ್ನೇ ಕೊಳ್ಳುತ್ತೇನೆ. ಇಡುವುದಕ್ಕೆ ಪಾಲಿಯೆಸ್ಟರ್ ಕವರ್. ಪಿವಿಸಿ ಕವರ್ ಬೇಡ, ಕಾಲಕ್ರಮೇಣ ಅದು ಕಾಗದವನ್ನು ಹಾಳು ಮಾಡುತ್ತದೆ.

2016ರಲ್ಲಿ ರದ್ದಾದ ಸಾವಿರದ ನೋಟನ್ನು ಹಿಡಿದು ಈಗಲೂ ಬೆಲೆ ಕೇಳುತ್ತಾರೆ. ಅದು ಕೋಟಿಗಟ್ಟಲೆ ಅಚ್ಚಾದ ನೋಟು, ದೊಡ್ಡ ಬೆಲೆ ಬರುವುದಿಲ್ಲ. 2017ರ ಕಾಯ್ದೆ ಪ್ರಕಾರ ರದ್ದಾದ ಆ 500, 1000ದ ನೋಟುಗಳನ್ನು ಒಬ್ಬರು ಒಟ್ಟು 10ಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಅಧ್ಯಯನಕ್ಕೆ ಅಥವಾ ಸಂಗ್ರಹಕ್ಕಾದರೆ 25ರವರೆಗೆ ಅವಕಾಶ. ರಿಸರ್ವ್ ಬ್ಯಾಂಕ್ ಹೆಸರು ಹೇಳಿ ‘ನಿಮ್ಮ ಹಳೆ ನೋಟಿಗೆ ಲಕ್ಷ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ’ ಅನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಇಂಥ ವ್ಯವಹಾರ ತಾನು ಮಾಡುವುದಿಲ್ಲ, ಶುಲ್ಕವನ್ನೂ ಕೇಳುವುದಿಲ್ಲ ಎಂದು ಬ್ಯಾಂಕ್ 2021ರಲ್ಲೇ ಹೇಳಿದೆ.