ಟಿಪ್ಪುವಿನ ಸಿಪಾಯಿಗೆ ನೇರಳೆ ಅಂಗಿ: ಬಣ್ಣ ಹುಡುಕಿದ ನನ್ನ ಅನುಭವ

“ಇದೇನ್ರೀ, ಬದನೆಕಾಯಿ ಪಲ್ಟನ್ನಾ?”

ನಾನು ಬಣ್ಣ ಬಳಿದ ಮೊದಲ 24 ಪುಟ್ಟ ಸಿಪಾಯಿ ಬೊಂಬೆಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದಾಗ, ಹಳೆಯ ಯುದ್ಧಗಳ ಬೊಂಬೆ ಮಾಡುವ ನಮ್ಮ ಭಾನುವಾರದ ಬಳಗದ ಹಿರಿಯರು ಕೇಳಿದ್ದು ಹೀಗೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು, ಬಳಿದ ಬಣ್ಣ ಕೀಳಲು 24ನ್ನೂ ಡೆಟಾಲ್ ಡಬ್ಬಿಯಲ್ಲಿ ಮುಳುಗಿಸಿದೆ.

ಮೂರು ವರ್ಷದ ಹಿಂದಿನ ಮಾತು ಇದು. ಹೋದ ತಿಂಗಳು ಅದೇ ಹಿರಿಯರು ಫೋನ್ ಮಾಡಿ, “ಆ ನೇರಳೆಗೆ ಏನೇನು ಬೆರೆಸ್ತೀರಿ, ಸ್ವಲ್ಪ ಹೇಳಿ” ಅಂದರು. ಆ ಖುಷಿಗೇ ಇದನ್ನು ಬರೆಯುತ್ತಿದ್ದೇನೆ. ಪೂರ್ತಿ ಹೇಳುವುದಿಲ್ಲ, ಮುಕ್ಕಾಲು ಪಾಲು ಹೇಳುತ್ತೇನೆ.

ನಾನು ಮಾಡುತ್ತಿರುವುದು 1799ರ ಶ್ರೀರಂಗಪಟ್ಟಣದ ಯುದ್ಧ, 28 ಮಿ.ಮೀ. ಅಳತೆಯ ಬೊಂಬೆಗಳಲ್ಲಿ. ಒಂದು ಕಡೆ ಟಿಪ್ಪುವಿನ ಕಾಲಾಳು, ಇನ್ನೊಂದು ಕಡೆ ಕಂಪನಿಯ ಮದ್ರಾಸ್ ಸಿಪಾಯಿಗಳು ಮತ್ತು ಗೋರಾ (ಬಿಳಿಯರ) ಪಲ್ಟನ್‌ಗಳು. ಟಿಪ್ಪುವಿನ ಕಡೆಯವರು ಅಂದ ತಕ್ಷಣ ಎಲ್ಲರೂ ಕಿತ್ತಳೆ ಮೇಲೆ ಕಪ್ಪು ಪಟ್ಟೆ ಬಳಿದುಬಿಡುತ್ತಾರೆ, ಹುಲಿವೇಷದ ಹಾಗೆ. ಆದರೆ ಆ ಕಾಲದ ಇಂಗ್ಲಿಷ್ ಬರಹದಲ್ಲಿ ಇರುವುದೇ ಬೇರೆ: ನೇರಳೆ ಉಣ್ಣೆಯ ಅಂಗಿ, ಅದರ ಮೇಲೆ ವಜ್ರದಾಕಾರದ ಬಿಳಿ ಚುಕ್ಕೆ, ಕೆಂಪು ಮಸ್ಲಿನ್ ಪೇಟ, ಕೆಂಪು ನಡುಕಟ್ಟು, ಬರಿಗಾಲಿಗೆ ಚಪ್ಪಲಿ. ಅಲ್ಲಿ ‘ಹುಲಿ ಅಂಗಿ’ ಅಂತ ಕರೆದದ್ದು ಇದನ್ನೇ. ಹಾಗಾಗಿ ನೇರಳೆಯೋ ಅಲ್ಲವೋ ಅನ್ನುವ ಜಗಳ ನನಗಿರಲಿಲ್ಲ. ಯಾವ ನೇರಳೆ ಅನ್ನುವುದೇ ತಲೆನೋವು.

ಮೊದಲ ಸಲ ಸೀದಾ ವಲೇಹೋ ಕಂಪನಿಯ ರಾಯಲ್ ಪರ್ಪಲ್ ಪೇಂಟ್ ತಂದು ಬಳಿದೆ, ಬೆಳಕು ಬೀಳುವ ಉಬ್ಬು ಜಾಗಕ್ಕೆ ಬಿಳಿ ಬೆರೆಸಿ ಹೈಲೈಟ್ ಕೊಟ್ಟೆ. ಅದೇ ಬದನೆಕಾಯಿ ಪಲ್ಟನ್. ನೇರಳೆಗೆ ಬಿಳಿ ಬೆರೆಸಿದರೆ ಮಕ್ಕಳ ಹುಟ್ಟುಹಬ್ಬದ ಬಲೂನಿನ ಬಣ್ಣ ಬರುತ್ತದೆ. ಅದು ಆಗ ಗೊತ್ತಾಗಲಿಲ್ಲ.

ಎರಡನೇ ಸಲ ಹಳೆಯ ಮುದ್ರಣ ಚಿತ್ರಗಳ ಬೆನ್ನು ಹತ್ತಿದೆ. ಇದರಲ್ಲಿ ಆರೇಳು ತಿಂಗಳು ಹೋಯಿತು. ಚಿತ್ರಕಾರ ರಾಬರ್ಟ್ ಹೋಮ್ 1791ರಲ್ಲಿ ಕಾರ್ನ್‌ವಾಲಿಸ್ ಸೈನ್ಯದ ಜೊತೆಗೇ ಬಂದವನು, ಅವನ ಮಾತು ಬೇರೆ. ಆದರೆ 1799ರ ಗದ್ದಲದ ದೊಡ್ಡ ಚಿತ್ರಗಳಲ್ಲಿ ಎಷ್ಟೋ ಲಂಡನ್ನಿನಲ್ಲಿ ಕೂತು ಬರೆದವು. ರಾಬರ್ಟ್ ಕೆರ್ ಪೋರ್ಟರ್ 1800ರಲ್ಲಿ ಕೋಟೆ ಮುತ್ತಿಗೆಯ ಭಾರಿ ಪನೋರಮಾ ಬರೆದಾಗ ಶ್ರೀರಂಗಪಟ್ಟಣವನ್ನು ಕಣ್ಣಲ್ಲಿ ಕಂಡಿರಲಿಲ್ಲ. ಇನ್ನು ಮುದ್ರಣಕ್ಕೆ ಆಗ ಕೈಯಲ್ಲೇ ಬಣ್ಣ ತುಂಬುತ್ತಿದ್ದರು. ಒಂದೇ ಚಿತ್ರದ ಎರಡು ಪ್ರತಿಗಳಲ್ಲಿ ಒಂದೇ ಕೋಟು ಎರಡು ಬಣ್ಣ. ಅದನ್ನು ನಾವು ಫೋನ್ ಪರದೆಯಲ್ಲಿ ನೋಡಿ ‘ಅಸಲಿ ಬಣ್ಣ’ ಅಂತ ವಾದ ಮಾಡುವುದು!

ಆಮೇಲೆ ದರಿಯಾ ದೌಲತ್‌ಗೆ ಹೋದೆ. ಪಶ್ಚಿಮದ ಗೋಡೆಯ ಮುಂದೆ ಎರಡು ಗಂಟೆ ನಿಂತೆ. ಪೊಳ್ಳಿಲೂರಿನ ಯುದ್ಧ, ಕೆಂಪು ಕೋಟಿನ ಸಾಲು, ನಡುವೆ ಪಲ್ಲಕ್ಕಿಯಲ್ಲಿ ಕಂಪನಿಯ ಕರ್ನಲ್ ಬೇಲಿ. ನನ್ನದೇ ಬಣ್ಣದ ಕಾರ್ಡ್‌ಗಳನ್ನು ಹಿಡಿದು ಹೋಲಿಸಿ ಪುಸ್ತಕ ತುಂಬಾ ಬರೆದುಕೊಂಡೆ. ಮಂಡ್ಯ ದಾಟುವ ಹೊತ್ತಿಗೆ ಹೊಳೆಯಿತು. ಅರಮನೆ ಕಟ್ಟಿದ್ದು 1784ರಲ್ಲಿ. ಆದರೆ ಗೋಡೆಯ ಚಿತ್ರಗಳು ಹಾಳಾಗಿ, ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಕಾಲದಲ್ಲಿ ಒಮ್ಮೆ, 1855ರ ಹೊತ್ತಿಗೆ ಗವರ್ನರ್ ಜನರಲ್ ಡಾಲ್‌ಹೌಸಿ ಹೇಳಿಸಿ ಇನ್ನೊಮ್ಮೆ ಸರಿಮಾಡಿಸಿದಂಥವು. ಅಂದರೆ ನಾನು ಬರೆದುಕೊಂಡದ್ದು ಯುದ್ಧದ ಬಣ್ಣವಲ್ಲ, ರಿಪೇರಿಯ ಬಣ್ಣ. ಪುಸ್ತಕ ಈಗಲೂ ಇದೆ, ಸುಮ್ನೆ.

ಚಿತ್ರ ಬಿಟ್ಟು ಬಟ್ಟೆ ಹಿಡಿಯೋಣ ಅಂತ ತೀರ್ಮಾನಿಸಿದ್ದು ಆಗಲೇ. ನಾವು ಬಳಿಯುತ್ತಿರುವುದು ಬಟ್ಟೆಯನ್ನೇ ಅಲ್ವಾ? ಬಟ್ಟೆಗೆ ಆಗ ಬಣ್ಣ ಬರುತ್ತಿದ್ದದ್ದು ಗಿಡ, ಬೇರು, ಹುಳುವಿನಿಂದ. ಹಾಗಾದರೆ ಬಟ್ಟೆಯನ್ನೇ ಅದ್ದಿ, ಬಿಸಿಲಲ್ಲಿ ಹಾಕಿ, ಅದಕ್ಕೆ ಪೇಂಟ್ ಹೊಂದಿಸಿದರೆ? ಬಳಗದಲ್ಲಿ ಹೇಳಿದೆ. ಒಬ್ಬರು “ಗುರು, ಗೊಂಬೆ ಬಣ್ಣಕ್ಕೆ ಲಾಂಡ್ರಿ ಯಾಕೆ?” ಅಂದರು.

ಮೊದಲು ಹತ್ತಿ ಬಟ್ಟೆಯಲ್ಲಿ ಮಾಡಿದೆ. ಹಾಳಾಯಿತು. ಬಣ್ಣ ಕಚ್ಚಿಸುವ ಪಟಿಕ ಕಡಿಮೆಯಾಗಿ ಮಂಜಿಷ್ಠ ಬೇರಿನ ಕೆಂಪು ಹಿಡಿಯಲೇ ಇಲ್ಲ, ಕೊಳೆ ಗುಲಾಬಿ ಬಂತು. ಬರೆದದ್ದು ಉಣ್ಣೆ ಅಂತಿರುವಾಗ ನಾನು ಹತ್ತಿ ಹಿಡಿದದ್ದೇ ತಪ್ಪು. ಕಂಬಳಿ ನೇಯುವವರ ಹತ್ತಿರ ಒಂದು ಮೊಳದಷ್ಟು ಬಿಳಿ ಉಣ್ಣೆ ತುಂಡು ತಂದೆ. ಪಟಿಕದ ನೀರಲ್ಲಿ ನೆನೆಸಿ, ಮಂಜಿಷ್ಠದಲ್ಲಿ ಸಣ್ಣ ಉರಿಯಲ್ಲಿ ಒಂದು ಗಂಟೆ ಇಟ್ಟು, ಅದರ ಮೇಲೆ ನೀಲಿ ಗಿಡದ ಬಣ್ಣದ ತೊಟ್ಟಿಯಲ್ಲಿ ಎರಡು ಸಲ ಅದ್ದಿದೆ. ಮನೆಯವರು ಆ ಪಾತ್ರೆಯನ್ನು ಅಡುಗೆಮನೆಯಿಂದ ಶಾಶ್ವತವಾಗಿ ಗಡಿಪಾರು ಮಾಡಿದರು. ಒಂದು ಕುದಿ ಜಾಸ್ತಿಯಾದರೆ ಮಂಜಿಷ್ಠ ಕಂದು ಬಣ್ಣಕ್ಕೆ ತಿರುಗುತ್ತದೆ. ಮೂರು ತುಂಡು ಹಾಗೇ ಹೋದವು.

ನಾಲ್ಕನೆಯದು ಕೈಗೆ ಬಂತು. ಅರ್ಧಕ್ಕೆ ರಟ್ಟು ಮುಚ್ಚಿ, ಉಳಿದ ಅರ್ಧವನ್ನು ಮಹಡಿಯ ಮೇಲೆ ಬಿಸಿಲಿಗೆ ಬಿಟ್ಟೆ. ಜನವರಿಯಿಂದ ಏಪ್ರಿಲ್‌ವರೆಗೆ, ಹೆಚ್ಚುಕಡಿಮೆ ನೂರು ದಿನ. ನಡುನಡುವೆ ತೊಳೆದು, ಅಂಚನ್ನು ಮಡಚಿ ಉಜ್ಜುತ್ತಿದ್ದೆ, ಬಂದೂಕಿನ ಪಟ್ಟಿ ಉಜ್ಜಿದ ಹಾಗೆ.

ಕಣ್ಣು ತೆರೆಸಿದ್ದು ಆ ಅಂಚು. ಮೇಲಿನ ನೀಲಿ ಉಜ್ಜಿ ಹೋಗಿ, ಒಳಗಿನ ಕೆಂಪು ಇಣುಕುತ್ತಿತ್ತು. ಅಂದರೆ ಭುಜ, ಮೊಣಕೈ, ಹೊಲಿಗೆಯ ಗೆರೆಯಲ್ಲಿ ಅಂಗಿ ತಿಳಿ ನೇರಳೆ ಆಗುವುದಿಲ್ಲ, ಇಟ್ಟಿಗೆ ಕಡೆಗೆ ತಿರುಗುತ್ತದೆ. ಮಡಿಕೆಯ ಆಳದಲ್ಲಿ ಮಾತ್ರ ನೀಲಿ ಗಟ್ಟಿಯಾಗಿ ಕೂತಿರುತ್ತದೆ. ನನ್ನ ಹೈಲೈಟ್ ಯಾಕೆ ಬಲೂನಾಗಿತ್ತು ಅಂತ ಆಗ ಅರ್ಥವಾಯಿತು.

ಈಗ ನನ್ನ ಮಿಶ್ರಣ ಹೀಗೆ. ನೆರಳಿಗೆ ರಾಯಲ್ ಪರ್ಪಲ್ ಜೊತೆ ಒಂದು ತೊಟ್ಟು ಪ್ರಷ್ಯನ್ ಬ್ಲೂ. ನಡುಬಣ್ಣಕ್ಕೆ ರಾಯಲ್ ಪರ್ಪಲ್ ಎರಡು ಪಾಲು, ಕ್ಯಾವಲ್ರಿ ಬ್ರೌನ್ ಅನ್ನುವ ಕೆಂಗಂದು ಒಂದು ಪಾಲು, ಇನ್ನೊಂದು ಹನಿ ಬೇರೆ ಬಣ್ಣ. ಆ ಹನಿ ಯಾವುದು ಅಂತ ಹಿರಿಯರಿಗೂ ಹೇಳಿಲ್ಲ. ಅಂಚಿಗೆ ಬಿಳಿ ಮುಟ್ಟುವುದೇ ಇಲ್ಲ, ಕ್ಯಾವಲ್ರಿ ಬ್ರೌನ್ ಜಾಸ್ತಿ ಮಾಡಿ ಕೊನೆಗೆ ಚರ್ಮದ ಬಣ್ಣ ಸ್ವಲ್ಪ.

ಹೊಂದಿಸುವುದು ಬೆಳಿಗ್ಗೆ ಹತ್ತರಿಂದ ಹನ್ನೆರಡರೊಳಗೆ, ಕಿಟಕಿ ಪಕ್ಕ. ಹಳದಿ ಎಲ್‌ಇಡಿ ಕೆಳಗೆ ರಾತ್ರಿ ಕೂತು ಬಳಿದ 12 ಬೊಂಬೆಗಳು ಬೆಳಿಗ್ಗೆ ನೋಡಿದರೆ ಬೇರೆ ಸೈನ್ಯಕ್ಕೆ ಸೇರಿದಂತಿದ್ದವು. ಹೋಗಿ ಬಿಳಿ ಹಗಲು ಬೆಳಕಿನ ಬಲ್ಬ್ ತಂದೆ, ಇನ್ನೂರು ಚಿಲ್ಲರೆ. ಇಷ್ಟು ವರ್ಷದಲ್ಲಿ ನಾನು ಮಾಡಿದ ಅತಿ ಲಾಭದ ಖರ್ಚು ಅದೇ. ಮಡಿಕೆಗೆ ಹರಿಬಿಡುವ ತೆಳು ಬಣ್ಣವನ್ನು (ವಾಷ್) ಬೋರ್‌ವೆಲ್ ನೀರಲ್ಲಿ ಕಲಸಬೇಡಿ, ಒಣಗಿದ ಮೇಲೆ ಮಡಿಕೆಯಲ್ಲಿ ಬಿಳಿ ಪುಡಿ ಕೂರುತ್ತದೆ.

ಚುಕ್ಕೆಯ ವಿಷಯ. ಮೊದಲು ನಿಯತ್ತಾಗಿ ಒಂದು ಅಂಗಿಗೆ ನೂರು ಚುಕ್ಕೆ ಇಟ್ಟೆ. ಒಂದು ಬೊಂಬೆಗೆ ಎರಡು ಸಂಜೆ. ತೋಳಿನುದ್ದ ದೂರ ಹಿಡಿದರೆ ಅಂಗಿ ಬೂದುಬಣ್ಣ! ಈಗ ಎದೆಗೆ 15, ಬೆನ್ನಿಗೆ 15, ತೋಳಿಗೆ ಐದಾರು, ಸ್ವಲ್ಪ ದೊಡ್ಡದಾಗಿ. ಅಚ್ಚ ಬಿಳಿಯಲ್ಲ, ಮೊದಲು ತಿಳಿ ಬೂದು, ಮೇಲೆ ಒಂದು ಬದಿಗೆ ಮಾತ್ರ ಐವರಿ. ಸೊನ್ನೆ ನಂಬರ್ ಬ್ರಷ್ಷಿನ ತುದಿಯಿಂದ ಎರಡು ಸಣ್ಣ ಗೀರು ಎಳೆದರೆ ವಜ್ರ ತಾನಾಗೇ ಬರುತ್ತದೆ. ಲೆಕ್ಕದಲ್ಲಿ ತಪ್ಪು, ಕಣ್ಣಿಗೆ ಸರಿ. ನಾನು ಕಣ್ಣಿನ ಪಕ್ಷ.

ಕೆಂಪು ಕೋಟಿನವರಿಗೂ ಇದೇ ಬಟ್ಟೆಯ ಉಪಾಯ ಕೆಲಸ ಮಾಡಿತು. ಸಾಮಾನ್ಯ ಸೈನಿಕನ ಕೋಟು ಮ್ಯಾಡರ್ (ಮಂಜಿಷ್ಠದ ಜಾತಿಯದೇ) ಬೇರಿನ ಕೆಂಪು, ಅಧಿಕಾರಿಯದು ಕೊಚಿನಿಯಲ್ ಹುಳದ ಕಡುಗೆಂಪು. ಇಬ್ಬರಿಗೂ ಒಂದೇ ಫ್ಲ್ಯಾಟ್ ರೆಡ್ ಬಳಿದರೆ ಅಂಚೆಪೆಟ್ಟಿಗೆ ಸಾಲು ನಿಂತಂತೆ. ನಾನು ಸೈನಿಕರಿಗೆ ಕ್ಯಾಮೆಲ್ ಕ್ರಿಮ್ಸನ್ ಮತ್ತು ಬರ್ನ್ಟ್ ಸಿಯೆನಾ ಬೆರೆಸುತ್ತೇನೆ, ಅಧಿಕಾರಿಗೆ ಮಾತ್ರ ವಲೇಹೋ. ಕ್ಯಾಮೆಲ್ ಹೊಳೆಯುತ್ತದೆ, ಮ್ಯಾಟ್ ವಾರ್ನಿಷ್ ಹೊಡೆದರೆ ಆಯಿತು. ಒಬ್ಬೊಬ್ಬನ ಕೋಟಿನ ಛಾಯೆಯನ್ನೂ ಚೂರು ಬೇರೆ ಮಾಡಿ, ಸಾಲಿಗೆ ಜೀವ ಬರುತ್ತದೆ.

ತುಂಬ ಕಾಡಿಸಿದ್ದು 33ನೇ ಫುಟ್ (ಫುಟ್ ಅಂದರೆ ಬ್ರಿಟಿಷ್ ಕಾಲಾಳು ಪಲ್ಟನ್), ಅದೇ ವೆಲ್ಲೆಸ್ಲಿಯ ಪಲ್ಟನ್. 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆ ತೋಪಿನಲ್ಲಿ ಕತ್ತಲಲ್ಲಿ ಒದೆ ತಿಂದು ವಾಪಸ್ ಬಂದವರು. ಪಲ್ಟನ್ ಗುರುತಿಗೆ ಕಾಲರು, ಕಫ್‌ಗೆ ಹಾಕುವ ಬೇರೆ ಬಣ್ಣ, ಅಂದರೆ ಫೇಸಿಂಗ್, ಇವರದು ಕೂಡ ಕೆಂಪು. ಕೆಂಪು ಕೋಟಿನ ಮೇಲೆ ಕೆಂಪು ಕಾಲರು, ಕೆಂಪು ಕಫ್! ಬಿಳಿ ಲೇಸ್ ಗೆರೆಯೊಂದೇ ಗತಿ. ಅದು ಒಂದು ಕೂದಲು ದಪ್ಪವಾದರೂ ಬ್ಯಾಂಡ್‌ಸೆಟ್ಟಿನವರ ಹಾಗೆ ಕಾಣುತ್ತಾರೆ. 74ನೆಯವರ ಬಿಳಿ, 73ನೆಯವರ ಕಡುಹಸಿರು ಇದರ ಮುಂದೆ ಆಟ.

ಮಧ್ಯೆ ದಾರಿ ತಪ್ಪಿ ಖಾಕಿಗೂ ಹೋದೆ. 1857ರಲ್ಲಿ ಬ್ರಿಟಿಷ್ ಸೈನಿಕರು ಬಿಳಿ ಬಟ್ಟೆಯನ್ನು ಚಹಾ, ಕಾಫಿ, ಮಣ್ಣು, ಮಸಾಲೆ ಪುಡಿ ಎಲ್ಲದರಲ್ಲೂ ಅದ್ದುತ್ತಿದ್ದರಲ್ಲ, ಅದನ್ನೂ ನೋಡೋಣ ಅಂತ. ನಮ್ಮ ಫಿಲ್ಟರ್ ಕಾಫಿಯ ಚರಟದಲ್ಲಿ ಅದ್ದಿದ ತುಂಡು ಮೂರು ಸಲ ತೊಳೆಯುವಷ್ಟರಲ್ಲಿ ಹಳೇ ಬನಿಯನ್ ಬಣ್ಣಕ್ಕೆ ಬಂತು. ಒಂದೇ ತುಕಡಿಯಲ್ಲಿ ಹತ್ತು ಖಾಕಿ ಇದ್ದಿರಬೇಕು. ಆ ಯುದ್ಧದ ಬೊಂಬೆ ಮಾಡುವವರು ಯಾವ ಪೇಂಟ್ ಬಾಟಲಿ ಸರಿ ಅಂತ ಜಗಳ ಆಡುವುದನ್ನು ನೋಡಿದರೆ ನನಗೆ ಈಗ ನಗು.

ದುಡ್ಡಿನ ಲೆಕ್ಕ ನೆನಪಿನಿಂದ. ಬೊಂಬೆ ಹೊರದೇಶದಿಂದ ತರಿಸಿದರೆ ಸಾಗಣೆ, ತೆರಿಗೆ ಸೇರಿ ಒಂದಕ್ಕೆ 250ರಿಂದ 300. ಒಮ್ಮೆ ಬಂದ ಪೊಟ್ಟಣದಲ್ಲಿ ಆರು ಬಂದೂಕು ಮುರಿದಿದ್ದವು, ಮಾರಿದವರು ಉತ್ತರವನ್ನೇ ಕೊಡಲಿಲ್ಲ. ತಾಮ್ರದ ತಂತಿ ಹಾಕಿ ನಾನೇ ಸರಿಮಾಡಿಕೊಂಡೆ. ವಲೇಹೋ ಬಾಟಲಿ ಒಂದಕ್ಕೆ 300ರ ಮೇಲೆ. ಬಣ್ಣ ಗೊತ್ತಾಗುವ ಮೊದಲು ಸುಮ್ನೆ ತಂದ ನೇರಳೆ, ಮರೂನ್ ಬಾಟಲಿಗಳೇ 14 ಇವೆ. ಬಟ್ಟೆ ಅದ್ದುವ ಖರ್ಚು, ಹಾಳಾದ ಪಾತ್ರೆ ಸೇರಿ, 1500 ದಾಟಿಲ್ಲ. ಯಾರು ಲಾಂಡ್ರಿ ಅಂದರೋ ಅವರು ಇದನ್ನು ಇನ್ನೊಮ್ಮೆ ಓದಲಿ.

ಈಗ ಮಹಡಿ ಮೇಲೆ ಹಳದಿ ತುಂಡುಗಳಿವೆ, 12ನೇ ಫುಟ್‌ನ ಕಾಲರಿಗೆ. ಅರಿಶಿನದಲ್ಲಿ ಅದ್ದಿದ್ದು ಎರಡು ವಾರದ ಬಿಸಿಲಿಗೇ ಹಾರಿಹೋಯಿತು. ದಾಳಿಂಬೆ ಸಿಪ್ಪೆಯದು ಐದನೇ ವಾರಕ್ಕೂ ಗಟ್ಟಿಯಾಗಿ ನಿಂತಿದೆ, ಸ್ವಲ್ಪ ಸಾಸಿವೆ ಕಡೆಗೆ ತಿರುಗಿದೆ. ಹಿರಿಯರಿಗೆ ಇನ್ನೂ ತೋರಿಸಿಲ್ಲ.