ಹಿಮದಲ್ಲಿ ಹುದುಗಿದ ಜ್ವಾಲಾಮುಖಿಯ ವರ್ಷ ಹುಡುಕುವುದು ಹೇಗೆ?

ಕ್ರಿ.ಶ. 536ರಲ್ಲಿ ಸೂರ್ಯ ವರ್ಷವಿಡೀ ಚಂದ್ರನಂತೆ ಮಂಕಾಗಿದ್ದ ಎಂದು ಬೈಜಾಂಟಿನ್ ಇತಿಹಾಸಕಾರ ಪ್ರೊಕೋಪಿಯಸ್ ಬರೆದಿಟ್ಟಿದ್ದಾನೆ. ವರ್ಷಕ್ಕೊಂದರಂತೆ ಬೆಳೆಯುವ ಯುರೋಪಿನ ಮರಗಳ ಉಂಗುರಗಳೂ ಆ ವರ್ಷ ಸೊರಗಿವೆ. ಕಾರಣ ಜ್ವಾಲಾಮುಖಿಯೇ ಆಗಿದ್ದರೆ ಅದರ ಗಂಧಕ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಸಿಗಲೇಬೇಕು. ಸಿಕ್ಕಿತು, ಆದರೆ ಸುಮಾರು ಏಳು ವರ್ಷ ಮೊದಲಿನ ಪದರದಲ್ಲಿ! ಮರ ಸುಳ್ಳೋ, ಹಿಮ ಸುಳ್ಳೋ? ಇದು ತಿಳಿಯಬೇಕಾದರೆ ಹಿಮದಲ್ಲಿ ವರ್ಷ ಎಣಿಸುವ ಕೆಲಸವನ್ನು ಬುಡದಿಂದ ನೋಡಬೇಕು.

ಮೊದಲ ಕೆಲಸ ಜಾಗದ ಆಯ್ಕೆ. ಹಿಮ ಧಾರಾಳವಾಗಿ ಬೀಳುವ, ಬಿದ್ದದ್ದು ಕರಗದ ಜಾಗ ಬೇಕು. ಪೂರ್ವ ಅಂಟಾರ್ಕ್ಟಿಕಾದ ವೊಸ್ತೋಕ್‌ನಂಥ ಕಡೆ ವರ್ಷಕ್ಕೆ ಬೀಳುವ ಹಿಮ ಕರಗಿಸಿದರೆ ಒಂದೆರಡು ಸೆಂಟಿಮೀಟರ್ ನೀರು. ಅಲ್ಲಿ ಒಂದೊಂದೇ ವರ್ಷ ಎಣಿಸುವ ಆಸೆ ಬಿಡಬೇಕು. ಪಶ್ಚಿಮ ಅಂಟಾರ್ಕ್ಟಿಕಾದಲ್ಲಿ 3,405 ಮೀಟರ್ ಆಳಕ್ಕೆ ಕೊರೆದ ವೇಯ್ಸ್ ಡಿವೈಡ್ ಎಂಬ ಜಾಗ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ನಮ್ಮ ಬೋರ್‌ವೆಲ್ ಕೊರೆದಾಗ ಕಲ್ಲು ಪುಡಿಯಾಗಿ ಮೇಲೆ ಬರುತ್ತದೆ. ಇಲ್ಲಿನ ಡ್ರಿಲ್ ಟೊಳ್ಳು: ಸುತ್ತಲೂ ಕೊರೆದು ನಡುವಿನ ಹಿಮವನ್ನು ಕಂಬದಂತೆ ಇಡಿಯಾಗಿ ಎತ್ತುತ್ತದೆ. ಅದೇ ಐಸ್ ಕೋರ್. ಗೋವಾದಲ್ಲಿರುವ ನಮ್ಮ ಧ್ರುವ ಸಂಶೋಧನಾ ಕೇಂದ್ರದಲ್ಲೂ ಅಂಟಾರ್ಕ್ಟಿಕಾದಿಂದ ತಂದ ಇಂಥ ಕಂಬಗಳಿವೆ. ಹೊರಗೆ ಸೆಖೆ, ಒಳಗೆ ಮೈನಸ್ 20 ಡಿಗ್ರಿ.

ಇನ್ನು ಕರಗಿಸುವುದು. ಕಂಬದಿಂದ ಚೌಕಾಕಾರದ ಕಡ್ಡಿಯೊಂದನ್ನು ಗರಗಸದಿಂದ ಕೊಯ್ದು ಬಿಸಿ ತಟ್ಟೆಯ ಮೇಲೆ ನೆಟ್ಟಗೆ ನಿಲ್ಲಿಸುತ್ತಾರೆ. ಅದು ತನ್ನ ಭಾರಕ್ಕೆ ತಾನೇ ಕುಸಿಯುತ್ತಾ ನಿಮಿಷಕ್ಕೆ ಕೆಲವೇ ಸೆಂಟಿಮೀಟರ್ ಕರಗುತ್ತದೆ. ಹೊರಮೈಯ ನೀರಿಗೆ ಡ್ರಿಲ್ಲಿನ ದ್ರವವೂ ಕೈಯ ಕೊಳೆಯೂ ತಾಗಿರುತ್ತದೆ. ಅದನ್ನು ಬೇರೆ ಹರಿಯಬಿಟ್ಟು, ನಡುವಿನ ನೀರನ್ನು ಮಾತ್ರ ಸಣ್ಣ ಕೊಳವೆಗಳಲ್ಲಿ ಉಪಕರಣಗಳಿಗೆ ಹರಿಸುತ್ತಾರೆ. ಪರದೆಯ ಮೇಲೆ ಗೆರೆಗಳು ಏರಿಳಿಯತೊಡಗುತ್ತವೆ. ಗ್ರೀನ್‌ಲ್ಯಾಂಡಿನ ಹಿಮದಲ್ಲಿ ವಸಂತಕ್ಕೆ ದೂಳು ಏರುತ್ತದೆ, ಚಳಿಗಾಲಕ್ಕೆ ಸಮುದ್ರದ ಉಪ್ಪು. ಒಂದು ಸುತ್ತು ಏರಿಳಿದರೆ ಒಂದು ವರ್ಷ.

ಎಣಿಸುವಾಗಲೇ ಗಂಧಕದ ಮೇಲೂ ಕಣ್ಣಿಡಬೇಕು. ದೊಡ್ಡ ಸ್ಫೋಟದಲ್ಲಿ ವಾಯುಮಂಡಲದ ಮೇಲ್ಪದರಕ್ಕೆ ಹಾರಿದ ಗಂಧಕದ ಅನಿಲ ಆಮ್ಲವಾಗಿ, ಹಿಮದೊಂದಿಗೆ ಇಳಿದು, ಸಲ್ಫೇಟ್ ರೂಪದಲ್ಲಿ ಪದರ ಸೇರುತ್ತದೆ. ಗೆರೆ ತಟ್ಟನೆ ಮೇಲೇಳುತ್ತದೆ. ಎರಡೂ ಧ್ರುವಗಳಲ್ಲಿ ಒಂದೇ ಹೊತ್ತಿಗೆ ಎದ್ದರೆ ಸ್ಫೋಟ ಉಷ್ಣವಲಯದ್ದಾಗಿರುವ ಸಾಧ್ಯತೆಯೇ ಹೆಚ್ಚು. ಆ ಗಂಧಕ ಧ್ರುವ ತಲುಪುವುದು ತಡ: 1815ರ ಏಪ್ರಿಲ್‌ನಲ್ಲಿ ಸಿಡಿದ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿಯ ಗುರುತು ಹಿಮದಲ್ಲಿ ಎದ್ದು ಕಾಣುವುದು 1816ರ ಪದರದಲ್ಲಿ.

ಎಣಿಕೆ ಎಂದರೆ ಎಡವಟ್ಟು ಇದ್ದದ್ದೇ. ಗಾಳಿ ಒಂದು ವರ್ಷದ ಹಿಮವನ್ನೇ ಕೆರೆದುಕೊಂಡು ಹೋಗಿರಬಹುದು. ಒಂದು ಬೇಸಿಗೆ ಎರಡರಂತೆ ಕಾಣಬಹುದು. ಹೀಗಾಗಿ ಅಲ್ಲಲ್ಲಿ ಗೊತ್ತಾದ ವರ್ಷದ ಮೊಳೆ ಹೊಡೆಯಬೇಕು. ಗ್ರೀನ್‌ಲ್ಯಾಂಡಿನ ಹಳೆಯ ಎಣಿಕೆಗೆ ಸಿಕ್ಕ ಮೊಳೆಗಳಲ್ಲಿ ಒಂದು ಕ್ರಿ.ಶ. 79ರ ವೆಸುವಿಯಸ್. ಪಾಂಪೆಯನ್ನು ಹೂತ ಜ್ವಾಲಾಮುಖಿ, ಯಾರಿಗೆ ಗೊತ್ತಿಲ್ಲ? ನನ್ನ ಮಟ್ಟಿಗೆ ಅಪಾಯ ಇದ್ದದ್ದೇ ಆ ಪ್ರಸಿದ್ಧಿಯಲ್ಲಿ. ಹಿಮದಲ್ಲಿದ್ದ ಬೂದಿ ವೆಸುವಿಯಸ್‌ನದಲ್ಲ ಎಂದು 2022ರಲ್ಲಿ ಪ್ರಕಟವಾದ ಮರುಪರೀಕ್ಷೆ ತೋರಿಸಿತು.

ಗಟ್ಟಿ ಮೊಳೆ ಬಂದದ್ದು ಆಕಾಶದಿಂದ. 774–775ರಲ್ಲಿ ಮೇಲಿನಿಂದ ಬಂದೆರಗಿದ ಕಣಗಳ ಮಳೆಗೆ ಮರಗಳಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ದಿಢೀರನೆ ಏರಿತ್ತು. 2012ರಲ್ಲಿ ವಿಜ್ಞಾನಿ ಫುಸಾ ಮಿಯಾಕೆ ಇದನ್ನು ಜಪಾನಿನ ಸುಗಿ ಮರದ ಉಂಗುರಗಳಲ್ಲಿ ಕಂಡರು. ಅದೇ ಕಣಗಳು ಹಿಮದಲ್ಲಿ ಬೆರಿಲಿಯಮ್-10 ಎಂಬ ಇನ್ನೊಂದು ವಿಕಿರಣಶೀಲ ಗುರುತು ಬಿಟ್ಟುಹೋಗಿದ್ದವು. ಐಸ್ ಕೋರ್ ತಜ್ಞ ಮೈಕಲ್ ಸೀಗ್ಲ್ ಮತ್ತು ಸಂಗಡಿಗರು ಎರಡನ್ನೂ ತಾಳೆ ಹಾಕಿ 2015ರಲ್ಲಿ ಪ್ರಕಟಿಸಿದರು: ತಪ್ಪು ಹಿಮದ ಎಣಿಕೆಯದು, ಅದೂ ಸುಮಾರು ಏಳು ವರ್ಷ. ಬೆಲ್‌ಫಾಸ್ಟ್‌ನ ಮರ-ಉಂಗುರ ತಜ್ಞ ಮೈಕ್ ಬೇಲಿ 2008ರಲ್ಲೇ ಇದನ್ನು ಹೇಳಿದ್ದರು. ಎಣಿಕೆಯನ್ನು ಸರಿಸಿದ ಮೇಲೆ 536ರ ಗಂಧಕ ಮರಗಳೊಂದಿಗೆ, ಪ್ರೊಕೋಪಿಯಸ್‌ನೊಂದಿಗೆ ಸರಿಯಾಗಿ ಕೂತಿತು.

ವರ್ಷ ಸಿಕ್ಕರೂ ಬೆಟ್ಟ ಯಾವುದೆಂದು ಗಂಧಕ ಹೇಳುವುದಿಲ್ಲ. ಅದಕ್ಕೆ ಪದರದಲ್ಲಿ ಬೂದಿಯ ಗಾಜಿನ ಚೂರು ಹುಡುಕಿ, ಅದರ ರಾಸಾಯನಿಕ ಗುಣವನ್ನು ಜ್ವಾಲಾಮುಖಿಗಳ ಬೂದಿಯೊಂದಿಗೆ ಹೋಲಿಸಬೇಕು. ಕೂದಲಿಗಿಂತ ಎಷ್ಟೋ ಸಣ್ಣ ಚೂರುಗಳು. ತಿಂಗಳುಗಟ್ಟಲೆ ಹುಡುಕಿದರೂ ಕೈಗೆ ಬಾರದಿರಬಹುದು.

ಕೆಲವೊಮ್ಮೆ ಉತ್ತರ ಬೆಟ್ಟದ ಬುಡದಲ್ಲೇ ಇರುತ್ತದೆ. 1258–59ರ ಹಿಮದಲ್ಲಿ ಎರಡೂ ಧ್ರುವಗಳಲ್ಲಿ ಎದ್ದ ಭಾರಿ ಸಲ್ಫೇಟ್ ದಶಕಗಳ ಕಾಲ ಹೆಸರಿಲ್ಲದೆ ಉಳಿದಿತ್ತು. 2013ರಲ್ಲಿ ಫ್ರಾಂಕ್ ಲಾವಿನ್ಯ ನೇತೃತ್ವದ ತಂಡ ಇಂಡೋನೇಷ್ಯಾದ ಲೊಂಬೋಕ್ ದ್ವೀಪದ ಸಮಾಲಸ್ ಜ್ವಾಲಾಮುಖಿಯ ಕಡೆ ಬೊಟ್ಟು ಮಾಡಿತು. ಬೂದಿಯಡಿ ಸುಟ್ಟು ಕರಿಕಾದ ಮರಗಳ ಕಾರ್ಬನ್-14 ವಯಸ್ಸು ಹಿಮದ ತಾರೀಖಿಗೆ ಹೊಂದಿತು. ತಾಳೆಗರಿಯಲ್ಲಿ ಬರೆದ ‘ಬಬದ್ ಲೊಂಬೋಕ್’ ಎಂಬ ಸ್ಥಳೀಯ ಹಳೆಯ ಗ್ರಂಥ ಬೆಟ್ಟ ಸಿಡಿದದ್ದನ್ನೂ ಪಾಮಾತನ್ ಪಟ್ಟಣ ನಾಶವಾದದ್ದನ್ನೂ ವರ್ಣಿಸಿತ್ತು. ಹಿಮದ ತಾರೀಖಿನಿಂದ ಗಂಧಕದ ಪ್ರಯಾಣಕ್ಕೆ ಹಿಡಿದ ಕಾಲ ಕಳೆದರು: 1257.