ಟಿಕೆಟ್ ಇಲ್ಲದ ಪ್ರಯಾಣಿಕ: ರೋಗಾಣು ಹರಡುವುದನ್ನು ಮಕ್ಕಳಿಗೆ ತಿಳಿಸುವ ನಗೆಚಿತ್ರ ಪುಸ್ತಕ

ಅಂಗನವಾಡಿ ವಯಸ್ಸಿನ ಮಕ್ಕಳಿಗೆ ‘ಕ್ರಿಮಿ’ ಅಂದರೆ ಹುಳ. ಹುಳ ಕಾಣದಿದ್ದರೆ ಕೈ ಚೊಕ್ಕ, ಅಷ್ಟೇ ಅವರ ಲೆಕ್ಕ. ಅದಕ್ಕೇ ರೋಗಾಣುವಿಗೊಂದು ಹೆಸರಿಡಿ, ‘ಪಿಟ್ಟಣ್ಣ’ ಅನ್ನಿ. ಅವನು ಎಲ್ಲಿಂದ ಎಲ್ಲಿಗೆ ಹೋದ ಎಂಬುದೇ ಕಥೆ. ಕೋರೆಹಲ್ಲು ಬರೆಯಬೇಡಿ, ರಾತ್ರಿ ಮಗು ಮಲಗುವುದಿಲ್ಲ.

ಎ3 ಡ್ರಾಯಿಂಗ್ ಹಾಳೆಯನ್ನು 3 ಸಲ ಅರ್ಧರ್ಧ ಮಡಚಿ ಬಿಡಿಸಿದರೆ 8 ಮನೆ. ಈಗ ಗಿಡ್ಡ ಅಂಚುಗಳು ಕೂಡುವಂತೆ ಮಡಚಿ, ಮಡಿಕೆಯ ಕಡೆಯಿಂದ ನಡುಗೆರೆಯ ಮೇಲೆ ಒಂದೇ ಮನೆಯಷ್ಟು ಕತ್ತರಿಸಿ. ಬಿಡಿಸಿ, ಉದ್ದಕ್ಕೆ ಮಡಚಿ, ಎರಡೂ ತುದಿ ಒಳಕ್ಕೆ ತಳ್ಳಿದರೆ ಅಂಟಿಲ್ಲದ 8 ಪುಟದ ಪುಸ್ತಕ. ಮೊದಲು ಮಡಚಿ, ಪೆನ್ಸಿಲಿನಲ್ಲಿ ಪುಟಸಂಖ್ಯೆ ಹಾಕಿ, ಆಮೇಲೆ ಚಿತ್ರ. ಬಿಡಿಸಿದ ಹಾಳೆಯಲ್ಲೇ ಬರೆದರೆ ಅರ್ಧ ಪುಟ ತಲೆಕೆಳಗು. ಮೇಣದ ಬಣ್ಣವೇ ಇರಲಿ. ಮಳೆಗಾಲದ ಒದ್ದೆ ಕೈ ತಾಗಿದರೆ ಸ್ಕೆಚ್ ಪೆನ್ ಕದಡಿ ಪಿಟ್ಟಣ್ಣ ಮಾಯ.

ಕಥೆ ಕುಮಟಾ–ಶಿರಸಿ ಬಸ್ಸಿನದು. 2ನೇ ಪುಟದಲ್ಲಿ ಬಸ್ಸು ದೇವಿಮನೆ ಘಟ್ಟ ಹತ್ತುತ್ತದೆ. 3ರಲ್ಲಿ ಅಜ್ಜ, ‘ಆ... ಆ...’ ಸೀನು ಇಲ್ಲೇ ಮುಗಿಸಬೇಡಿ, ಪುಟ ತಿರುಗಿಸಿದರೇ ‘ಕ್ಷೀ!’ ಬರಬೇಕು. ಎದುರುಬದುರು ಪುಟಗಳಲ್ಲಿ ಬರೆದರೆ ಮಕ್ಕಳು ಮೊದಲೇ ನೋಡಿಬಿಡುತ್ತಾರೆ, ನಗೆ ಸತ್ತಿತು. 4ರಲ್ಲಿ ಪಿಟ್ಟಣ್ಣ ಅಜ್ಜನ ಅಂಗೈ ಮೇಲೆ. 5ರಲ್ಲಿ ಬಸ್ಸಿನ ಕಂಬಿಗೆ ಜೋತುಬಿದ್ದು ಕಂಡಕ್ಟರಿನಿಂದ ಅಡಗುತ್ತಾನೆ. 6ರಲ್ಲಿ ಪುಟ್ಟಿಯ ಕೈಗೆ. 7ರಲ್ಲಿ ಪುಟ್ಟಿಯ ಬಾಯಿ ತೆರೆದಿದೆ, ಕೈಯಲ್ಲಿ ತೊಡದೇವು. ನಿಲ್ಲಿಸಿ. ‘ತಿನ್ನಬೇಡಾ!’ ಎಂದು ಮಕ್ಕಳೇ ಕೂಗಲಿ. ಹಿಂಬದಿಗೆ ಸೋಪಿನ ನೊರೆ.

ಸೀನುವವರು ಅಜ್ಜನೇ ಇರಲಿ. ಮಗುವನ್ನು ಬರೆದರೆ ಮರುದಿನ ಮೂಗು ಸುರಿಯುವವನಿಗೆ ‘ಪಿಟ್ಟಣ್ಣ’ ಅಂತ ಅಡ್ಡಹೆಸರು ಖಚಿತ. ಎರಡನೇ ಸಲ ಓದುವಾಗ ಅಜ್ಜ ಎಲ್ಲಿ ಸೀನಬೇಕಿತ್ತು ಎಂದು ಕೇಳಿ, ಮೊಣಕೈ ಮಡಚಿ ಮೂಗಿಗೆ ಹಿಡಿದು ತೋರಿಸಿ.

ಪುಸ್ತಕ ಮುಚ್ಚಿದ ಕೂಡಲೇ ಒಬ್ಬರ ಅಂಗೈಗೆ ನಾಲ್ಕು ಹನಿ ತೆಂಗಿನೆಣ್ಣೆ, ಚಿಟಿಕೆ ದಾಲ್ಚಿನ್ನಿ ಪುಡಿ ಸವರಿ. ಆ ಮಗು ಪಕ್ಕದವರ ಕೈ ಕುಲುಕಲಿ, ಅವರು ಅವರ ಪಕ್ಕದವರದ್ದು. ಪುಡಿ ಎಲ್ಲಿವರೆಗೆ ಹೋಯಿತೆಂದು ಹುಡುಕಿ; ಅಷ್ಟರಲ್ಲಿ ಯಾರೂ ಕಣ್ಣು ಉಜ್ಜದಂತೆ ನೋಡಿಕೊಳ್ಳಿ. ಅರಿಶಿನ ಬೇಡ, ಸೋಪು ತಾಗಿದರೆ ಅದು ಕೆಂಪಾಗುತ್ತದೆ, ಮಕ್ಕಳು ನೆತ್ತರೆಂದು ಅಳುತ್ತಾರೆ. ಮೊದಲು ಬರೀ ನೀರು: ಎಣ್ಣೆಯ ಜಿಡ್ಡು ಪುಡಿಯನ್ನು ಬಿಡುವುದಿಲ್ಲ. ಆಮೇಲೆ ಸೋಪು ಹಚ್ಚಿ 20 ಸೆಕೆಂಡು, ಬೆರಳ ಸಂದು, ಹೆಬ್ಬೆರಳು, ಉಗುರಿನ ತುದಿ. ಎಣಿಕೆ ದೊಡ್ಡವರದ್ದೇ ಇರಲಿ, ಮಕ್ಕಳು ಇಪ್ಪತ್ತನ್ನು ಓಡಿಸಿಬಿಡುತ್ತಾರೆ.

‘ಅಕ್ಕೋರೇ, ಮೊಸರಲ್ಲೂ ಪಿಟ್ಟಣ್ಣ ಇದ್ನಾ?’ ಎಂದು ಯಾರಾದರೂ ಕೇಳಿದರೆ ಇಲ್ಲ ಅನ್ನಬೇಡಿ. ಹಾಲು ಹೆಪ್ಪಾಗಿಸುವ, ದೋಸೆ ಹಿಟ್ಟು ಹುಳಿ ಬರಿಸುವ ಅವನ ನೆಂಟರಿದ್ದಾರೆ, ಅವರು ಟಿಕೆಟ್ ತಗೊಂಡೇ ಬಸ್ಸು ಹತ್ತಿದವರು ಅನ್ನಿ.